ಮಾವನ ಕೆಮ್ಮು

ಅವರನ್ನು ಊರೆಲ್ಲ ಮಾವ ಎಂದೇ ಕರೆಯುತ್ತಿತ್ತು. ಸ್ವಂತಕ್ಕೆ ಅವರಿಗೆ ಸೊಸೆಯೂ ಇರಲಿಲ್ಲ, ಅಳಿಯನೂ ಇರಲಿಲ್ಲ, ಮಕ್ಕಳೇ ಆಗಿರಲಿಲ್ಲ. ಸರ್ಕಾರಿ ರೇಡಿಯೋದ ಮಧ್ಯಾಹ್ನದ ನಾಟಕದಲ್ಲಿ ಹನ್ನೆರಡು ವರ್ಷದಿಂದ ಮೂವರು ಸೊಸೆಯಂದಿರ ಮಾವನ ಪಾತ್ರ ಮಾಡುತ್ತಿದ್ದರು, ಅಷ್ಟೇ. ವಾರಕ್ಕೆ ಐದು ದಿನ, ಒಂದು ಇಪ್ಪತ್ತಕ್ಕೆ ಶುರುವಾಗಿ ಒಂದು ಮೂವತ್ತೈದಕ್ಕೆ ಮುಗಿಯುವ ನಾಟಕ. ಆ ಹದಿನೈದು ನಿಮಿಷ ಅಂಗಡಿಗಳಲ್ಲಿ ತಕ್ಕಡಿ ಮುಟ್ಟುವವರಿರಲಿಲ್ಲ. ಕ್ಷೌರದಂಗಡಿಯಲ್ಲಿ ಅರ್ಧ ಬೋಳಿಸಿದ ಗಡ್ಡ ಹಾಗೇ ಕಾಯುತ್ತಿತ್ತು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಏನಾದರೂ ಕೇಳಿದರೆ ಒಳಗಿದ್ದವನು ತುಟಿಯ ಮೇಲೆ ಬೆರಳಿಟ್ಟುಕೊಳ್ಳುತ್ತಿದ್ದ.

ನಾಟಕದ ಮಾವ ಕಬ್ಬಿಣದ ಸಾಮಾನಿನ ಅಂಗಡಿಯ ಯಜಮಾನ. ಕೆಟ್ಟವನಲ್ಲ. ಯಾರು ಏನು ಕೇಳಿದರೂ ಆಗಲಿ ಎನ್ನುವವನು, ಆಮೇಲೆ ಏನನ್ನೂ ಮಾಡದವನು. ಕಿರಿ ಸೊಸೆಗೆ ಮಹಡಿ ಮೇಲೆ ಒಂದು ಕೋಣೆ ಕಟ್ಟಿಸಿಕೊಡುತ್ತೇನೆಂದು ಅವಳು ಮನೆ ತುಂಬಿದ ಮಾರನೆಯ ದಿನವೇ ಮಾತು ಕೊಟ್ಟಿದ್ದ. ಹನ್ನೆರಡು ವರ್ಷವಾದರೂ ಒಂದು ಇಟ್ಟಿಗೆ ಬಂದಿರಲಿಲ್ಲ. ಅವಳು ನೆನಪಿಸಿದಾಗಲೆಲ್ಲ ಮೊದಲು ಎರಡು ಸಲ ಕೆಮ್ಮುತ್ತಿದ್ದ, ಆಮೇಲೆ, "ಬರೋ ತಿಂಗಳು ನೋಡಮ್ಮ, ಖಂಡಿತ," ಎನ್ನುತ್ತಿದ್ದ.

ಆ ಕೆಮ್ಮು ಕಲೆಯಲ್ಲ, ಕಾಯಿಲೆ. ನಾಟಕ ಶುರುವಾದ ಮೊದಲ ತಿಂಗಳು ಮಾವ ಸ್ಟುಡಿಯೋಕ್ಕೆ ಕಾಲಿಟ್ಟರೆ ಸಾಕು, ಕೆಮ್ಮು ಬರುತ್ತಿತ್ತು. ಧ್ವನಿಮುದ್ರಣ ಮಾಡುವ ತಂತ್ರಜ್ಞ ಅದನ್ನು ಕತ್ತರಿಸಿ ಕತ್ತರಿಸಿ ಸುಸ್ತಾದ; ಅವನಿಗೆ ಕತ್ತರಿ ಎಂಬ ಹೆಸರು ಬಿದ್ದದ್ದು ಆಗಲೇ. ಕೊನೆಗೆ ನಾಟಕ ಬರೆಯುವ ಲೇಖಕಿ ಒಂದು ದಿನ ಗಾಜಿನ ಆಚೆಯಿಂದ, "ನಿಲ್ಸೋಕಾಗಲ್ಲ ಅಂದ್ಮೇಲೆ ಅದಕ್ಕೂ ಒಂದು ಕೆಲಸ ಕೊಡೋಣ ಬಿಡಿ," ಎಂದರು. ಅಂದಿನಿಂದ ಮಾವ ಕೆಮ್ಮಿದರೆ ಮುಂದೆ ಬರುವುದು ಸುಳ್ಳು ಎಂದಾಯಿತು. ಎಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ಕೇಳುವವರು ತಾವಾಗಿಯೇ ತಿಳಿದುಕೊಂಡರು. ಮನೆಮನೆಗಳಲ್ಲಿ ಗಂಡ ತಡವಾಗಿ ಬಂದು ಕಾರಣ ಹೇಳಲು ಹೊರಟರೆ ಹೆಂಡತಿ ಎರಡು ಸಲ ಕೆಮ್ಮುವುದು ರೂಢಿಗೆ ಬಂತು.

ಹದಿಮೂರನೆಯ ವರ್ಷ ದೇಶಕ್ಕೆ ಹೊಸ ಅಧ್ಯಕ್ಷರು ಬಂದರು.

ಅವರ ಮೊದಲ ಭಾಷಣ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲ ನಿಲಯಗಳಿಂದಲೂ ಪ್ರಸಾರವಾಯಿತು. ಕಚೇರಿಗಳಲ್ಲಿ, ಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ ಧ್ವನಿವರ್ಧಕ ಹಾಕಿದ್ದರು. ಪ್ರಿಯ ಬಾಂಧವರೇ ಎಂದು ಶುರು ಮಾಡಿದ ಅಧ್ಯಕ್ಷರು ಒಂದು ಕ್ಷಣ ನಿಂತರು. ಎರಡು ಸಲ ಕೆಮ್ಮಿದರು. "ಇನ್ನು ಆರು ತಿಂಗಳೊಳಗೆ ಪ್ರತಿ ಮನೆಗೂ ನಲ್ಲಿ ನೀರು," ಎಂದರು.

ನಗಬೇಕೆಂದು ಯಾರೂ ಅಂದುಕೊಂಡಿರಲಿಲ್ಲ. ಅಂಚೆ ಕಚೇರಿಯ ಸಾಲಿನಲ್ಲಿ ನಿಂತವರು ನಕ್ಕರು. ಹೆರಿಗೆ ಆಸ್ಪತ್ರೆಯಲ್ಲಿ ನಕ್ಕರು. ಅಧ್ಯಕ್ಷರ ಪಕ್ಷದ ಕಚೇರಿಯಲ್ಲೇ ಒಬ್ಬ ನಕ್ಕನಂತೆ. ಆಮೇಲೆ ಹಲ್ಲುನೋವು ಎಂದನಂತೆ. ಮಾರನೆಯ ದಿನ ಒಂದು ಪತ್ರಿಕೆ ಭಾಷಣವನ್ನು ಅಚ್ಚುಹಾಕುವಾಗ ಪ್ರತಿ ಭರವಸೆಯ ಮುಂದೆ ಎರಡು ಚುಕ್ಕಿ ಹಾಕಿತು. ಸಂಪಾದಕರನ್ನು ಕರೆಸಿ ಚುಕ್ಕಿಗಳ ಅರ್ಥ ಕೇಳಲಾಯಿತು. ಅವರು ಅಚ್ಚುಮೊಳೆಯ ದೋಷ ಎಂದು ಬರೆದುಕೊಟ್ಟರು.

ಮಾವನಿಗೆ ಇದೊಂದೂ ತಿಳಿಯದು. ಅವರು ಆ ದಿನ ಹೆಂಡತಿಯ ಹೊಲಿಗೆ ಅಂಗಡಿಯಲ್ಲಿ ಕುಳಿತು ಗುಂಡಿಯ ಕಾಜಾ ಹಾಕಬೇಕಾದ ಅಂಗಿಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದರು. ಹೆಂಡತಿ ಗಂಡಸರ ಅಂಗಿ ಹೊಲಿಯುವುದರಲ್ಲಿ ಹೆಸರಾದವಳು. ಭಾಷಣದ ಆ ಜಾಗಕ್ಕೆ ಬಂದಾಗ ಅವಳು ಯಂತ್ರ ತುಳಿಯುವುದನ್ನು ನಿಲ್ಲಿಸಿ, "ರೀ, ನೀವೇನಾ ಕೆಮ್ಮಿದ್ದು?" ಎಂದು ಕೇಳಿದಳು.

"ಇಲ್ವಲ್ಲ."

"ಹಾಗಾದ್ರೆ ಗ್ರಹಚಾರ," ಎಂದು ಮತ್ತೆ ತುಳಿಯತೊಡಗಿದಳು.

ಹತ್ತು ದಿನದಲ್ಲಿ ಸಂಸ್ಕೃತಿ ಇಲಾಖೆಯಿಂದ ಸುತ್ತೋಲೆ ಬಂತು. "ಕಾರ್ಯಕ್ರಮಗಳಲ್ಲಿ ಅನಗತ್ಯ ಕಂಠಧ್ವನಿಗಳನ್ನು ನಿವಾರಿಸತಕ್ಕದ್ದು" ಎಂಬ ಒಂದೇ ವಾಕ್ಯ, ಕೆಳಗೆ ಮೂರು ಸಹಿ. ಸಂಗೀತ ವಿಭಾಗದವರು ತಮಗೂ ಇದು ಅನ್ವಯಿಸುತ್ತದೆಯೇ ಎಂದು ಬರೆದು ಕೇಳಿದರು. ಉತ್ತರ ಬರಲಿಲ್ಲ, ಅವರು ಒಂದು ವಾರ ಬರೀ ವಾದ್ಯಸಂಗೀತ ಹಾಕಿದರು. ನಿಲಯದ ನಿರ್ದೇಶಕರು ಮಾತ್ರ ಸುತ್ತೋಲೆ ಯಾರ ಗಂಟಲನ್ನು ಹುಡುಕಿಕೊಂಡು ಬಂದಿದೆ ಎಂದು ತಕ್ಷಣ ತಿಳಿದುಕೊಂಡರು. ನಿವೃತ್ತಿಗೆ ಒಂಬತ್ತು ತಿಂಗಳಿದ್ದ ಅವರು ಮಾವನನ್ನು ಕೋಣೆಗೆ ಕರೆಸಿದರು.

"ಕೂತ್ಕೊಳ್ಳಿ ಮಾವ. ಆರೋಗ್ಯ ಹೇಗಿದೆ?"

"ಹೋದ ವರ್ಷದ ಹಾಗೇ ಇದೆ ಸಾರ್."

"ಅದೇ ತೊಂದರೆ ಆಗಿರೋದು."

ವಿಷಯ ಕೇಳಿ ಮಾವನಿಗೆ ಗಾಬರಿಯಾಯಿತು. ಅವರು ಯಾರ ಗೊಡವೆಗೂ ಹೋದವರಲ್ಲ, ಮತ ಹಾಕಿ ಬಂದ ಮೇಲೂ ಯಾರಿಗೆ ಹಾಕಿದೆ ಎಂದು ಹೆಂಡತಿಗೆ ಹೇಳದವರು. "ನಾನು ಅವರನ್ನ ಅಣಕಿಸಿಲ್ಲ ಸಾರ್. ನಾನು ಹನ್ನೆರಡು ವರ್ಷದಿಂದ ಕೆಮ್ತಾ ಇದ್ದೀನಿ. ಅವರು ಬಂದಿದ್ದು ಮೊನ್ನೆ," ಎಂದರು.

"ಅದು ನಂಗೆ ಗೊತ್ತು, ನಿಮಗೆ ಗೊತ್ತು. ಇಲಾಖೆಗೆ ಗೊತ್ತಾಗಬೇಕಲ್ಲ."

ಇಲಾಖೆಗೆ ಗೊತ್ತುಮಾಡಿಕೊಡಲು ಒಬ್ಬ ಸಲಹೆಗಾರರು ಬಂದರು. ಸಣಕಲು ಮನುಷ್ಯ, ಮೆತ್ತಗಿನ ಮಾತು, ಕೈಯಲ್ಲಿ ಊಟದ ಡಬ್ಬಿ ಮತ್ತು ಗೆರೆಯಿಲ್ಲದ ನೋಟ್‌ಬುಕ್. "ನಾನು ಏನನ್ನೂ ಹೇಳೋಕೆ ಬಂದಿಲ್ಲ. ಸುಮ್ನೆ ಕೇಳೋಕೆ ಬಂದಿದ್ದೀನಿ," ಎಂದು ಕತ್ತರಿಯ ಪಕ್ಕ ಕುರ್ಚಿ ಎಳೆದುಕೊಂಡರು. ಮಾವ ಒಂದು ಸಲ ಕೆಮ್ಮಿದರೆ ನೋಟ್‌ಬುಕ್ಕಿನಲ್ಲಿ ಒಂದು ಕಡ್ಡಿ ಎಳೆಯುತ್ತಿದ್ದರು. ನಾಲ್ಕು ಕಡ್ಡಿಯಾದ ಮೇಲೆ ಐದನೆಯದನ್ನು ಅಡ್ಡಲಾಗಿ. ಸಂಜೆ ಹೊರಡುವ ಮುಂಚೆ ಲೇಖಕಿಯ ಮೇಜಿನ ಹತ್ತಿರ ನಿಂತು, "ದೊಡ್ಡ ಸೊಸೆ ತವರಿಗೆ ಹೋಗಿಬಿಡ್ತಾಳಾ? ನನಗಲ್ಲ, ನಮ್ಮಮ್ಮ ಕೇಳ್ತಿದ್ರು," ಎಂದು ವಿಚಾರಿಸುತ್ತಿದ್ದರು.

ಮೊದಲು ಔಷಧ ಕುಡಿಸಿ ನೋಡಿದರು. ಮಾವನಿಗೆ ನಿದ್ದೆ ಬಂತು, ಕೆಮ್ಮು ಹೋಗಲಿಲ್ಲ. ಆಮೇಲೆ ಕತ್ತರಿಗೆ ಎಲ್ಲ ಕೆಮ್ಮನ್ನೂ ತೆಗೆಯಲು ಹೇಳಿದರು. ಕತ್ತರಿ ತೆಗೆದ. ಆದರೆ ತೆಗೆದ ಜಾಗದಲ್ಲಿ ಒಂದು ಸಣ್ಣ ಖಾಲಿ ಉಳಿಯಿತು. ಕಿರಿ ಸೊಸೆ, "ಮಾವ, ಕೋಣೆ?" ಎನ್ನುತ್ತಿದ್ದಳು. ಒಂದು ಕ್ಷಣ ಏನೂ ಇಲ್ಲ. "ಬರೋ ತಿಂಗಳು ನೋಡಮ್ಮ." ಆ ಖಾಲಿಯನ್ನು ಕೇಳುಗರು ತಾವೇ ತುಂಬಿಕೊಳ್ಳತೊಡಗಿದರು. ಒಂದು ಇಪ್ಪತ್ತರಿಂದ ಒಂದು ಮೂವತ್ತೈದರವರೆಗೆ ಪೇಟೆ ಬೀದಿಯಲ್ಲಿ ನಡೆದು ಹೋದರೆ ಎರಡೂ ಬದಿಯ ಅಂಗಡಿಗಳಿಂದ ಒಟ್ಟಿಗೇ ಕೆಮ್ಮು ಕೇಳಿಸುತ್ತಿತ್ತು. ಆರೋಗ್ಯ ಇಲಾಖೆಯವರು ಯಾವುದೋ ಅಂಟುಜಾಡ್ಯವಿರಬೇಕೆಂದು ಎರಡು ದಿನ ಗಂಟಲು ಪರೀಕ್ಷೆ ಮಾಡಿದರು.

ಮೂರನೆಯ ಉಪಾಯವನ್ನು ಸಲಹೆಗಾರರೇ ಸೂಚಿಸಿದರು. "ಮಾವ ನಿಜಾನೇ ಹೇಳ್ಬಿಟ್ರೆ? ಆಗ ಕೆಮ್ಮೋ ಸಂದರ್ಭವೇ ಬರಲ್ಲ."

"ನಿಜ ಹೇಳಿದ್ರೆ ನಾಟಕ ನಡೆಯಲ್ಲ," ಎಂದರು ಲೇಖಕಿ.

"ಪ್ರಯತ್ನ ಮಾಡಿ ಮೇಡಂ."

ಲೇಖಕಿ ಪ್ರಯತ್ನ ಮಾಡಿದರು. ಸೋಮವಾರ ಕಿರಿ ಸೊಸೆ ಕೋಣೆಯ ಮಾತೆತ್ತಿದಳು. ಮಾವ, "ಕಟ್ಟಿಸಲ್ಲಮ್ಮ. ಕಟ್ಟಿಸೋ ಮನಸ್ಸು ನಂಗೆ ಯಾವತ್ತೂ ಇರ್ಲಿಲ್ಲ," ಎಂದರು. ಸೊಸೆಯ ಪಾತ್ರ ಮಾಡುತ್ತಿದ್ದಾಕೆಗೆ ಮುಂದೆ ಏನು ಹೇಳಬೇಕೋ ತೋಚಲಿಲ್ಲ. ಹಾಳೆಯಲ್ಲೂ ಏನೂ ಇರಲಿಲ್ಲ. ಆ ದಿನದ ಕಂತು ನಾಲ್ಕೇ ನಿಮಿಷಕ್ಕೆ ಮುಗಿದು, ಉಳಿದ ಹನ್ನೊಂದು ನಿಮಿಷ ಪಿಟೀಲು ನುಡಿಸಿದರು. ಬುಧವಾರದ ಹೊತ್ತಿಗೆ ನಿಲಯಕ್ಕೆ ಪತ್ರಗಳ ಮೂಟೆ ಬಂತು. ಮಾವನಿಗೆ ಮೈಗೆ ಹುಷಾರಿಲ್ಲವೇ, ಯಾರಾದರೂ ಹೆದರಿಸಿದ್ದಾರೆಯೇ ಎಂದು ಜನ ಕೇಳಿದ್ದರು. ಎರಡನೆಯ ಪ್ರಶ್ನೆ ಇದ್ದ ಪತ್ರಗಳನ್ನು ಸಲಹೆಗಾರರು ಬೇರೆ ಕಟ್ಟು ಕಟ್ಟಿ ತೆಗೆದುಕೊಂಡು ಹೋದರು.

ಶುಕ್ರವಾರ ಮೇಲಿನಿಂದ ತೀರ್ಮಾನ ಬಂತು. ಮಾವ ಸಾಯಬೇಕು.

ಅದನ್ನು ಮಾವನಿಗೆ ಯಾರು ಹೇಳುವುದೆಂದು ನಿರ್ದೇಶಕರು, ಲೇಖಕಿ, ಕತ್ತರಿ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಹೇಳಲಿಲ್ಲ. ಮಾವ ಸೋಮವಾರದ ಹಾಳೆಗಳನ್ನು ಓದುತ್ತಾ ಹೋಗಿ ಮೂರನೆಯ ಪುಟದಲ್ಲಿ ತಾವು ಅಂಗಡಿಯ ಏಣಿಯಿಂದ ಬಿದ್ದು ಸಾಯುವುದನ್ನು ಕಂಡರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ಲೇಖಕಿಯ ಹತ್ತಿರ ಹೋಗಿ ನಿಂತರು.

"ಏಣಿಯಿಂದ ಬೀಳ್ತೀನಾ ನಾನು?"

ಲೇಖಕಿ ತಲೆ ಎತ್ತಲಿಲ್ಲ. "ಬೇಗ ಮುಗೀಲಿ ಅಂತ ಬರೆದೆ ಮಾವ. ನಂಗೆ ಬೇರೆ ಬರೆಯೋಕೆ ಕೈ ಬರಲಿಲ್ಲ."

"ಹನ್ನೆರಡು ವರ್ಷ ಆ ಅಂಗಡೀಲಿ ಏಣಿ ಹತ್ತಿದ್ದೀನಿ. ಒಂದು ದಿನ ಕಾಲು ಜಾರಿಲ್ಲ. ಸಾಯ್ತೀನಿ, ಬೇಡ ಅನ್ನಲ್ಲ. ಹಾಸಿಗೆ ಮೇಲೆ ಸಾಯಿಸಿ. ಸೊಸೆಯಂದಿರು ಹತ್ತಿರ ಇರಲಿ."

ಲೇಖಕಿ ಮೂಗು ಒರೆಸಿಕೊಂಡು ಮತ್ತೆ ಬರೆದರು. ಇಡೀ ಒಂದು ಕಂತಿನ ಸಾವು.

ಮನೆಯಲ್ಲಿ ಮಾವ ಎರಡು ದಿನ ಸಾಯುವುದನ್ನು ಅಭ್ಯಾಸ ಮಾಡಿದರು. ಕೆಮ್ಮು ಬರದ ಹಾಗೆ ಉಸಿರನ್ನು ಎಲ್ಲಿ ಎಳೆದುಕೊಳ್ಳಬೇಕು, ಎಲ್ಲಿ ಬಿಡಬೇಕು ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡರು. ಹೆಂಡತಿ ಒಂದು ಕೋಟಿನ ಒಳಪದರ ಬಿಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದಳು. "ಇನ್ನೊಂದ್ಸಲ ಸಾಯಿರಿ, ಕೊನೇ ಮಾತು ಕೇಳಿಸಲಿಲ್ಲ," ಎನ್ನುತ್ತಿದ್ದಳು. ಐದಾರು ಸಲ ಆದ ಮೇಲೆ ಬ್ಲೇಡು ಕೆಳಗಿಟ್ಟು, "ಈ ಕೆಲಸ ಬಿಟ್ರೆ ಮನೇಲಿ ಏನು ಮಾಡ್ತೀರ?" ಎಂದು ಕೇಳಿದಳು. ಮಾವನಿಗೂ ಅದೇ ಪ್ರಶ್ನೆ ಇತ್ತು. ಅರವತ್ತೆಂಟು ವರ್ಷದ ಅವರಿಗೆ ಬೇರೊಬ್ಬರ ಮಾತನ್ನು ತಮ್ಮ ಗಂಟಲಲ್ಲಿ ಹೇಳುವುದು ಬಿಟ್ಟು ಬೇರೆ ವಿದ್ಯೆ ಬರುತ್ತಿರಲಿಲ್ಲ. "ಗುಂಡಿ ಹಚ್ತೀನಿ," ಎಂದರು.

ಧ್ವನಿಮುದ್ರಣದ ದಿನ ಸ್ಟುಡಿಯೋದ ಗಾಜಿನಾಚೆ ನಿರ್ದೇಶಕರೂ ಬಂದು ನಿಂತರು. ಸಲಹೆಗಾರರು ನೋಟ್‌ಬುಕ್ ಬಿಚ್ಚಿ ಕುಳಿತಿದ್ದರು. ಹದಿನಾಲ್ಕು ನಿಮಿಷ ಮಾವ ಒಂದು ಸಲವೂ ಕೆಮ್ಮಲಿಲ್ಲ. ಹಿರಿ ಸೊಸೆಗೆ ಅಂಗಡಿಯ ಕೀಲಿ ಕೊಟ್ಟರು. ನಡುವಿನವಳ ಹತ್ತಿರ ಕ್ಷಮೆ ಕೇಳಿದರು. ಕಿರಿ ಸೊಸೆ ಅಳುತ್ತಾ, "ನೀವು ಹೋಗ್ಬಿಟ್ರೆ ನಮಗ್ಯಾರು ಮಾವ?" ಎಂದಳು. ಉಳಿದದ್ದು ಮಾವನ ಒಂದೇ ಸಾಲು. ಅವರು ಉಸಿರು ಎಳೆದುಕೊಂಡರು. ಎರಡು ಸಲ ಕೆಮ್ಮಿದರು. "ಅಳಬೇಡಮ್ಮ. ನಾನು ಇನ್ನು ಬರಲ್ಲ," ಎಂದರು.

ಕತ್ತರಿಯ ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಅವನು ಸಲಹೆಗಾರರ ಕಡೆ ನೋಡಿದ.

ಸಲಹೆಗಾರರು ನೋಟ್‌ಬುಕ್ಕಿನಲ್ಲಿ ಎರಡು ಕಡ್ಡಿ ಎಳೆದರು. ಸ್ವಲ್ಪ ಹೊತ್ತು ಆ ಕಡ್ಡಿಗಳನ್ನೇ ನೋಡಿದರು. "ಇರಲಿ ಬಿಡಿ. ಸಾಯೋರು ಕೆಮ್ತಾರೆ. ಸುತ್ತೋಲೇಲಿ 'ಅನಗತ್ಯ' ಅಂತ ತಾನೇ ಇರೋದು," ಎಂದು ಪುಟ ಮುಚ್ಚಿದರು.

ಮಾವ ಹೊರಗೆ ಬಂದಾಗ ಲೇಖಕಿ, "ಬೇಕೂಂತ ಕೆಮ್ಮಿದ್ರಾ?" ಎಂದು ಪಿಸುಗುಟ್ಟಿದರು.

"ಇಲ್ಲಮ್ಮ. ಬಂತು," ಎಂದರು ಮಾವ. ಅವರ ಮಾತು ನಿಜವಾಗಿತ್ತು. ಆದರೆ ಬಂದದ್ದಕ್ಕೆ ಅವರಿಗೆ ಬೇಸರವೂ ಇರಲಿಲ್ಲ.

ಕಂತು ಪ್ರಸಾರವಾದ ದಿನ ಜನ ಅತ್ತರು, ಅಳುತ್ತಲೇ ಒಬ್ಬರನ್ನೊಬ್ಬರು ನೋಡಿಕೊಂಡರು. ಬರಲ್ಲ ಎಂದು ಮಾವ ಹೇಳಿದ್ದರು, ಹೇಳುವ ಮುಂಚೆ ಕೆಮ್ಮಿದ್ದರು. ಅರ್ಥ ಬಿಡಿಸಿ ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ವಾರದೊಳಗೆ ಪೇಟೆಯ ಗೋಡೆಗಳ ಮೇಲೆ ಸೀಮೆಸುಣ್ಣದಲ್ಲಿ "ಮಾವ ಬರ್ತಾರೆ" ಎಂದು ಕಾಣಿಸಿಕೊಂಡಿತು. ಅಳಿಸಿದಷ್ಟೂ ಮತ್ತೆ ಬಂತು. ಸಲಹೆಗಾರರನ್ನು ದನಕರುಗಳ ಗಣತಿ ಇಲಾಖೆಗೆ ವರ್ಗ ಮಾಡಿದರು. ಹೋಗುವ ದಿನ ಅವರು ಎಲ್ಲರ ಕೈ ಕುಲುಕಿ, ಎಣಿಸುವುದು ತಮಗೆ ಅಭ್ಯಾಸವಾಗಿದೆ ಎಂದರು.

ಮಾವನ ಮನೆಗೆ ಸಂತಾಪ ಹೇಳಲು ಬರುವವರ ಸಾಲು ಹತ್ತಿತು. ಒಬ್ಬ ಹೆಂಗಸು ಹೂವಿನ ಗುಚ್ಛ ಹಿಡಿದು ಬಂದಾಗ ಮಾವ ಊಟಕ್ಕೆ ಕುಳಿತಿದ್ದರು. "ಅಯ್ಯೋ, ಊಟ ಮಾಡಿ, ಊಟ ಮಾಡಿ," ಎಂದು ಆಕೆ ಅವರ ಎದುರಿಗೇ ಕುಳಿತು ಹತ್ತು ನಿಮಿಷ ಅತ್ತು, ಹೂವನ್ನು ಅವರ ಹೆಂಡತಿಯ ಕೈಗೆ ಕೊಟ್ಟು ಹೋದಳು. ಅಂಗಡಿಗೆ ಅಳತೆ ಕೊಡಲು ಬರುವ ಗಂಡಸರು ದನಿ ತಗ್ಗಿಸಿ ಮಾತನಾಡುತ್ತಿದ್ದರು. ಮಾವ ಮೂಲೆಯಲ್ಲಿ ಕುಳಿತು ಗುಂಡಿ ಹಚ್ಚುತ್ತಿದ್ದರು. ಅವರಿಲ್ಲದೆ ನಡೆಯುತ್ತಿದ್ದ ನಾಟಕದ ಹೊತ್ತು, ಒಂದು ಇಪ್ಪತ್ತಾದರೆ ಮಾತ್ರ ಸೂಜಿ ಕೆಳಗಿಟ್ಟು ಹೊರಗೆ ಹೋಗಿ ಬೀದಿಯ ಕೊನೆಯವರೆಗೆ ನಡೆದು ಬರುತ್ತಿದ್ದರು. ಆ ಹದಿನೈದು ನಿಮಿಷ ಅವರನ್ನು ಯಾರೂ ಮಾತನಾಡಿಸಬಾರದೆಂದು ಹೆಂಡತಿಗೆ ಗೊತ್ತಿತ್ತು.

ಆರು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಮಾವ ಹೆಂಡತಿಯ ಹಿಂದೆ ಬಂದು ನಿಂತದ್ದು ತಿಳಿಯದೆ ಅವಳು ಬೆಚ್ಚಿಬಿದ್ದಳು.

"ನೀವು ಕೆಮ್ಮಿ ಎಷ್ಟು ದಿನ ಆಯ್ತು ರೀ?"

ಮಾವ ಯೋಚಿಸಿದರು. ನೆನಪಾಗಲಿಲ್ಲ. ಮದುವೆಯಾದಂದಿನಿಂದ ಅವಳು ಗಂಡ ಮನೆಯ ಯಾವ ಮೂಲೆಯಲ್ಲಿದ್ದಾರೆಂದು ಕೆಮ್ಮಿನಿಂದಲೇ ತಿಳಿಯುತ್ತಿದ್ದಳು. ರೇಡಿಯೋ ನಾಟಕಗಳಲ್ಲಿ ಅವರು ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದ ಕಾಲದಿಂದಲೂ ಅದು ಇತ್ತು. ಆ ವಾರ ಕತ್ತರಿ ಅಂಗಿ ಹೊಲಿಸಲು ಬಂದಾಗ ಗುಟ್ಟು ಬಯಲಾಯಿತು. ಅಧ್ಯಕ್ಷರು ಸ್ವತಃ ಬಂದು ಮಾತನಾಡುತ್ತಾರೆಂದು ಸ್ಟುಡಿಯೋದ ಹಳೆಯ ರತ್ನಗಂಬಳಿಯನ್ನು ಕಿತ್ತು ಹೊಸದು ಹಾಸಿದ್ದರು.

"ಅದರ ಕೆಳಗಿದ್ದ ಧೂಳು ನೋಡಬೇಕಿತ್ತು ಮಾವ. ಕಿತ್ತವರು ಮೂರು ಜನ. ಮೂವರೂ ಒಂದು ವಾರ ನಿಮ್ಮ ಹಾಗೇ ಕೆಮ್ಮಿದ್ರು," ಎಂದ ಕತ್ತರಿ.

ಮೂರು ವರ್ಷದ ಮೇಲೆ ಚುನಾವಣೆ ಬಂತು. ವಿರೋಧ ಪಕ್ಷದ ಇಬ್ಬರು ಗಣ್ಯರು ಹೊಲಿಗೆ ಅಂಗಡಿಗೆ ಬಂದು ನಿಂತೇ ಮಾತನಾಡಿದರು. ಮಾವ ಸಭೆಗಳಿಗೆ ಬಂದರೆ ಸಾಕು. ಭಾಷಣ ಬೇಡ. ವೇದಿಕೆ ಹತ್ತಿ ಎರಡು ಸಲ ಕೆಮ್ಮಿ ಇಳಿದರೆ ಸಾಕು.

"ಬರೋಕಾಗಲ್ಲ. ನಾನು ಸತ್ತಿದ್ದೀನಿ," ಎಂದರು ಮಾವ.

"ಅದು ನಾಟಕದಲ್ಲಿ."

"ನೀವು ಕರೀತಿರೋದೂ ಆ ಸತ್ತವರನ್ನೇ ತಾನೆ? ನನ್ನನ್ನಲ್ಲವಲ್ಲ."

ಗಣ್ಯರು ಬೇಸರದಿಂದ ಹೋದರು. ಆಮೇಲೆ ಎಲ್ಲಿಂದಲೋ ಹಳೆಯ ಕಂತಿನ ಧ್ವನಿಮುದ್ರಿಕೆ ಸಂಪಾದಿಸಿ, ಅಧ್ಯಕ್ಷರ ಮಾತುಗಳ ನಡುವೆ ಮಾವನ ಕೆಮ್ಮು ಸೇರಿಸಿ ಊರೂರಿನ ಸಭೆಯಲ್ಲಿ ಹಾಕಿದರು. ಅಧ್ಯಕ್ಷರದೇ ಕೆಮ್ಮು ಇರುವಾಗ ಮಾವನದೇಕೆ ಬೇಕಾಯಿತೋ ತಿಳಿಯದು. ವಿರೋಧ ಪಕ್ಷದವರೇ ಗೆದ್ದರು.

ಗೆದ್ದ ನಾಲ್ಕನೆಯ ತಿಂಗಳು ನಿಲಯದಿಂದ ಮಾವನಿಗೆ ಕರೆ ಬಂತು. ಹೊಸ ನಿರ್ದೇಶಕಿ, ಹೊಸ ಸಲಹೆಗಾರ. ಸಲಹೆಗಾರ ಇನ್ನೂ ಎಳೆಯ ವಯಸ್ಸಿನವನು, ಮಾತಿಗೊಮ್ಮೆ ಮೇಜು ತಟ್ಟುವವನು. "ಕಲೆಗೆ ಈಗ ಸ್ವಾತಂತ್ರ್ಯ ಬಂದಿದೆ ಮಾವ. ನೀವಿನ್ನು ಧಾರಾಳವಾಗಿ ಕೆಮ್ಮಬಹುದು!" ಎಂದ. ನಾಟಕದಲ್ಲಿ ಮಾವ ಬದುಕಿ ಬರುವುದೆಂದು ಗೊತ್ತಾಗಿತ್ತು. ಮಾವನಿಗೆ ಕಣ್ಣು ತುಂಬಿ ಬಂತು. ಹಾಳೆಗಳನ್ನು ಕೈಗೆ ತೆಗೆದುಕೊಂಡರು. ಮೊದಲ ಪುಟದಲ್ಲೇ ಹನ್ನೊಂದು ಕಡೆ "ಕೆಮ್ಮು" ಎಂದು ಕೆಂಪು ಶಾಯಿಯಲ್ಲಿ ಸೇರಿಸಿತ್ತು. ಹಿಂದಿನ ಸರ್ಕಾರ ಕಟ್ಟಿಸಿದ ಸೇತುವೆ, ಹಿಂದಿನ ಸರ್ಕಾರ ತೆರೆದ ಶಾಲೆ, ಎಲ್ಲಿ ಹೆಸರು ಬಂದರೆ ಅಲ್ಲಿ. ಅದು ಲೇಖಕಿಯ ಕೈಬರಹವಲ್ಲ.

ಮಾವ ಕೆಮ್ಮಲು ನೋಡಿದರು. ಬರಲಿಲ್ಲ. ಗಂಟಲು ಕೆರೆದುಕೊಂಡು ಏನೋ ಒಂದು ಶಬ್ದ ಮಾಡಿದರು. ಕತ್ತರಿ ಅದನ್ನು ಮತ್ತೆ ಕೇಳಿಸಿದ.

"ಮೇಕೆ ಕೂಗಿದ ಹಾಗಿದೆ," ಎಂದರು ಮಾವನೇ.

ಹೊಸ ಸಲಹೆಗಾರ ಎದೆಗುಂದಲಿಲ್ಲ. ಎದೆರೋಗದ ದೊಡ್ಡ ಡಾಕ್ಟರಿಗೆ ಇಲಾಖೆಯ ಕಾಗದದಲ್ಲಿ ಪತ್ರ ಬರೆದುಕೊಟ್ಟ: "ಈ ಕಲಾವಿದರ ಕೆಮ್ಮನ್ನು ಮರಳಿ ಸ್ಥಾಪಿಸಲು ಅಗತ್ಯ ಕ್ರಮ ಕೈಗೊಳ್ಳುವುದು."

ಮಾರನೆಯ ಬೆಳಿಗ್ಗೆ ಮಾವ ಆ ಪತ್ರ ಹಿಡಿದು ಡಾಕ್ಟರ ಹೊರಕೋಣೆಯಲ್ಲಿ ಕುಳಿತರು. ಗೋಡೆಗೆ ಆನಿಸಿದ ಉದ್ದ ಬೆಂಚು, ಎದುರಿಗೆ ಶ್ವಾಸಕೋಶದ ಬಣ್ಣದ ಚಿತ್ರ. ಪಕ್ಕದಲ್ಲಿ ಒಬ್ಬರು ಬಂದು ಕುಳಿತು ಎರಡು ಸಲ ಕೆಮ್ಮಿದರು. ಮಾವ ತಿರುಗಿ ನೋಡಿದರು. ಹಿಂದಿನ ಅಧ್ಯಕ್ಷರು. ಜೊತೆಗೆ ಯಾರೂ ಇರಲಿಲ್ಲ. ಕೈಯಲ್ಲಿ ಹದಿನೇಳನೆಯ ನಂಬರಿನ ಚೀಟಿ. ಮಾವನದು ಹದಿನಾರು.

ಮಾವ ಏಳಲೋ ಬೇಡವೋ ಎಂದು ಅರ್ಧ ಎದ್ದರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಈಗ ಏಳೋ ಅಗತ್ಯ ಇಲ್ಲ," ಎಂದು ಅಧ್ಯಕ್ಷರು ಅವರನ್ನೇ ದಿಟ್ಟಿಸಿದರು. "ಎಲ್ಲೋ ಕೇಳಿದ ದನಿ."

"ನಾನಿನ್ನೂ ಮಾತೇ ಆಡಿಲ್ಲ ಸಾರ್."

"ಹಾಂ, ಇದೇ ದನಿ! ಮಾವ ಅಲ್ವಾ ನೀವು? ನಮ್ಮನೆಯವಳು ನಿಮ್ಮ ನಾಟಕ ಒಂದು ದಿನ ಬಿಟ್ಟವಳಲ್ಲ." ಆಮೇಲೆ ಹತ್ತಿರ ಬಾಗಿ ಕೇಳಿದರು. "ನನ್ನನ್ನ ನೋಡಿ ಕೆಮ್ತಿದ್ರಾ?"

"ಇಲ್ಲ ಸಾರ್. ನೀವು ಬರೋಕೆ ಮುಂಚಿನಿಂದಲೂ ಕೆಮ್ತಿದ್ದೆ."

"ನಾನೂ ಹಾಗೇ ಹೇಳಿದೆ. ಕಾಕತಾಳೀಯ ಅಂದೆ. ನಮ್ಮವರು ಕೇಳಲಿಲ್ಲ. ನಿಮ್ಮನ್ನ ಸಾಯಿಸಿದ್ದು ನಂಗೆ ರೇಡಿಯೋದಿಂದಲೇ ಗೊತ್ತಾಗಿದ್ದು. ನಮ್ಮನೆಯವಳು ಮೂರು ದಿನ ನನ್ನ ಹತ್ರ ಮಾತಾಡಲಿಲ್ಲ."

ಈ ಮಾತು ನಿಜವೋ ಅಲ್ಲವೋ ಮಾವನಿಗೆ ತಿಳಿಯಲಿಲ್ಲ. ಅಧ್ಯಕ್ಷರು ಮಾತಿನ ಹಿಂದೆಯೂ ಕೆಮ್ಮುತ್ತಿದ್ದರು, ಮುಂದೆಯೂ ಕೆಮ್ಮುತ್ತಿದ್ದರು, ಏನೂ ಹೇಳದೆ ಇದ್ದಾಗಲೂ ಕೆಮ್ಮುತ್ತಿದ್ದರು.

"ನಿಮ್ಮ ಕೆಮ್ಮು ಕೇಳಿಸ್ತಾನೇ ಇಲ್ವಲ್ಲ?"

"ಹೋಯ್ತು ಸಾರ್. ಅದಕ್ಕೇ ಬಂದಿದ್ದೀನಿ."

"ಹೋಗಿದ್ದಕ್ಕೆ ಬಂದಿದ್ದೀರಾ?"

ಮಾವ ಇಲಾಖೆಯ ಪತ್ರ ತೋರಿಸಿದರು. ಅಧ್ಯಕ್ಷರು ಅದನ್ನು ದೂರ ಹಿಡಿದು ಓದಿದರು. ಅಡಿಯಲ್ಲಿದ್ದ ಸಹಿ ನೋಡಿ, "ಈ ಹುಡುಗ ನಮ್ಮ ಪಕ್ಷದಲ್ಲಿದ್ದ," ಎಂದು ಮಡಿಸಿ ಕೊಟ್ಟರು. "ಅದಿರಲಿ, ಹೋಗಿದ್ದು ಹೇಗೆ?"

"ಸ್ಟುಡಿಯೋದ ರತ್ನಗಂಬಳಿ ಸಾರ್. ಅದರ ಧೂಳು. ನೀವು ಕೆಲಸದಿಂದ ತೆಗೆಸಿದ್ರಿ, ವಾಸಿ ಆಯ್ತು."

ಅಧ್ಯಕ್ಷರು ನೆಲ ನೋಡುತ್ತಾ ಕುಳಿತರು. "ನನ್ನ ಕಚೇರೀಲೂ ಇತ್ತು. ಗೋಡೆಯಿಂದ ಗೋಡೆಗೆ. ಮುಂಚೆ ಹದಿನೈದು ವರ್ಷ ಸಭಾಪತಿ ಆಗಿದ್ದಾಗಲೂ ಇತ್ತು." ತಲೆ ಎತ್ತಿದರು. "ನಿಮಗೆ ಎಷ್ಟು ದಿನಕ್ಕೆ ವಾಸಿ ಆಯ್ತು?"

"ಆರು ತಿಂಗಳು ಹಿಡೀತು. ನೀವು ಕಚೇರಿ ಬಿಟ್ಟು?"

"ನಾಲ್ಕು."

"ಇನ್ನೆರಡು ತಿಂಗಳು ನೋಡಿ ಸಾರ್," ಎಂದರು ಮಾವ.

ಅಷ್ಟರಲ್ಲಿ ಹದಿನಾರು ಎಂದು ಒಳಗಿನಿಂದ ಕೂಗಿದರು. ಡಾಕ್ಟರು ಪತ್ರವನ್ನು ಎರಡು ಸಲ ಓದಿದರು. ಮೂವತ್ತು ವರ್ಷದ ವೃತ್ತಿಯಲ್ಲಿ ತಮ್ಮನ್ನು ಹೀಗೆ ಯಾರೂ ಕೇಳಿರಲಿಲ್ಲ ಎಂದರು. ಮಾವನ ಬೆನ್ನಿಗೆ ಕೊಳವೆಯಿಟ್ಟು ಕೇಳಿ, "ಗಾಳಿ ಚೆನ್ನಾಗಿ ಓಡಾಡ್ತಿದೆ. ಇದನ್ನ ಕೆಡಿಸೋದು ನನ್ನ ಕೆಲಸ ಅಲ್ಲ," ಎಂದು ಅದನ್ನೇ ಬರೆದು ಮೊಹರು ಒತ್ತಿ ಕೊಟ್ಟರು.

ಮಾವ ಅಲ್ಲಿಂದ ನೇರ ನಿಲಯಕ್ಕೆ ಹೋದರು. ಹೊಸ ನಿರ್ದೇಶಕಿ ಪ್ರಮಾಣಪತ್ರ ಓದಿದರು. ಹೊಸ ಸಲಹೆಗಾರ ಹಳೆಯ ಮುದ್ರಿಕೆಯ ಕೆಮ್ಮನ್ನೇ ನಡುನಡುವೆ ಸೇರಿಸೋಣ ಎಂದ. ಮಾವ ಇದುವರೆಗೆ ಆ ಕಟ್ಟಡದಲ್ಲಿ ಯಾರಿಗೂ ಆಗಲ್ಲ ಎಂದವರಲ್ಲ. ಅಂದು ಹೇಳಿದರು.

"ಅದು ಆಗಲ್ಲಪ್ಪ. ಆ ಕೆಮ್ಮು ಆವತ್ತಿನ ಮಾತಿಗೆ ಬಂದಿದ್ದು. ಇವತ್ತಿನ ಮಾತಿಗೆ ಅದನ್ನ ಹಚ್ಚಿದ್ರೆ ನಾನು ಮನೇಲೇ ಗುಂಡಿ ಹಚ್ಕೊಂಡಿರ್ತೀನಿ. ಕೆಮ್ಮಿಲ್ಲದೆ ಬೇಕಾದ್ರೆ ಬರ್ತೀನಿ."

"ಕೆಮ್ಮದೆ ಇದ್ರೆ ಮಾವ ಯಾವಾಗ ಸುಳ್ಳು ಹೇಳ್ತಿದ್ದಾರೆ ಅಂತ ಜನಕ್ಕೆ ಗೊತ್ತಾಗೋದು ಹೇಗೆ?" ಎಂದು ಸಲಹೆಗಾರ ಮೇಜು ತಟ್ಟಿದ.

ಮೂಲೆಯಲ್ಲಿ ಕುಳಿತಿದ್ದ ಲೇಖಕಿ ಮೊದಲ ಸಲ ಬಾಯಿ ತೆರೆದರು. "ಗಮನ ಕೊಟ್ಟು ಕೇಳಿಸ್ಕೊಳ್ಳಲಿ," ಎಂದರು.

ಡಾಕ್ಟರ ಮೊಹರು ಇರುವ ಕಾಗದವನ್ನು ಮೀರಿ ಏನು ಬರೆದರೂ ನಾಳೆ ಕಡತದಲ್ಲಿ ತಮ್ಮ ಹೆಸರು ಇರುತ್ತದೆಂದು ಯೋಚಿಸಿದ ನಿರ್ದೇಶಕಿ ಮಾವನ ಮಾತಿಗೆ ಒಪ್ಪಿದರು. ಕೆಂಪು ಶಾಯಿಯ ಹಾಳೆಗಳನ್ನು ಲೇಖಕಿ ಒಯ್ದು ಬೇರೆ ಬರೆದರು. ಮೊದಲ ಎರಡು ವಾರ ಕೇಳುಗರು ಗೊಂದಲಗೊಂಡರು. ಬಡಗಿಯೊಬ್ಬ, ಮಾವ ಈ ಸಲ ಕೋಣೆ ಕಟ್ಟಿಸುವುದು ನಿಜವೇ, ತಿಳಿಸಿದರೆ ಉಪಕಾರವಾಗುತ್ತದೆ ಎಂದು ಬರೆದ. ಆಮೇಲೆ ಆಮೇಲೆ ಜನರಿಗೆ ರೂಢಿಯಾಯಿತು. ನಾಟಕ ಇನ್ನೂ ನಾಲ್ಕು ವರ್ಷ ನಡೆಯಿತು. ಇಲಾಖೆಗೆ ಅದರ ಮೇಲೆ ಅನುಮಾನವೇನೋ ಇತ್ತು, ಎಲ್ಲಿ ಕೈ ಹಾಕಬೇಕೆಂದು ತಿಳಿಯಲಿಲ್ಲ.

ನಿರ್ದೇಶಕಿ ಒಪ್ಪಿದ ಆ ದಿನ ಮಧ್ಯಾಹ್ನ ಮಾವ ನಿಲಯದಿಂದ ಅಂಗಡಿಗೆ ಬಂದಾಗ ಹೆಂಡತಿ ಒಂದು ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು. ಕೆಲಸ ಮರಳಿ ಸಿಕ್ಕಿದ್ದನ್ನು ಹೇಳಿದರು. ಅವಳು ಒಳ್ಳೇದಾಯ್ತು ಎಂದಳು. ಡಾಕ್ಟರ ಹೊರಕೋಣೆಯಲ್ಲಿ ಪಕ್ಕದಲ್ಲಿ ಯಾರು ಕುಳಿತಿದ್ದರೆಂದು ಹೇಳಿದರು. ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಅಂಗಿ ಹೇಗಿತ್ತು?"

"ಯಾರದು?"

"ಅವರದೇ. ಭಾಷಣದ ಫೋಟೋಗಳಲ್ಲೆಲ್ಲ ಹೊಲಿಗೆ ಬಲು ಚೆನ್ನಾಗಿರ್ತಿತ್ತು."

ಮಾವ ನೆನಪು ಮಾಡಿಕೊಂಡರು. "ಅದೇ ಅಂಗಿ ಅನ್ಸುತ್ತೆ. ತೋಳು ಬೆರಳಿನ ತನಕ ಬಂದಿತ್ತು. ಚೀಟಿ ಹಿಡ್ಕೊಳ್ಳೋಕೆ ಎರಡೆರಡು ಸಲ ಮೇಲೆ ಸರಿಸ್ಕೊಂಡ್ರು."

"ಹಾಗಾದ್ರೆ ಭುಜ ಇಳಿದುಹೋಗಿದೆ ಪಾಪ," ಎಂದು ಅವಳು ಕಾಲರನ್ನು ತಿರುಗಿಸಿ ಹಾಕಿದಳು. "ತೋಳು ಮೋಟು ಮಾಡಿದ್ರೆ ಸಾಲದು ಅಂತ ಅವರ ಮನೆಯವರಿಗೆ ಯಾರಾದ್ರೂ ಹೇಳ್ಬೇಕು. ಭುಜದಲ್ಲೇ ಬಿಚ್ಚಿ ಹೊಲೀಬೇಕು."